26,000 ರೂಪಾಯಿಯ ಸೀರೆ, 2,400 ರೂಪಾಯಿಯ ಅಂಗಿ: ಕೊಟ್ಟ ದುಡ್ಡಿಗೆ ತಕ್ಕಂತೆ ಬಾಳುತ್ತವೆಯೇ?

ಶರಾವತಿ ತೀರ
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಬಳಿಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಾಘ ಮಾಸದಲ್ಲಿ ತಂಗಿಯ ಮಗಳ ಮದುವೆಯಿದೆ. ಒಂದು ವರ್ಷ ಚೀಟಿ ಕಟ್ಟಿ ಕೂಡಿಸಿದ 26,000 ರೂಪಾಯಿಯಲ್ಲಿ ಒಂದು ಮೈಸೂರು ರೇಷ್ಮೆ ಸೀರೆ ಕೊಳ್ಳಬೇಕೆಂಬುದು ನನ್ನ ಆಸೆ. ಅದೇ ದುಡ್ಡಿಗೆ ಮನೆಯ ಐದೂ ಜನಕ್ಕೆ ಎರಡೆರಡು ಜೊತೆ ಬಟ್ಟೆ ಬರುತ್ತದಲ್ಲ ಎಂಬುದು ಯಜಮಾನರ ವಾದ.

ನನ್ನ ಆಸೆಗೆ ಕಾರಣ ಅಮ್ಮನ ಸೀರೆ. ಮಾವಿನ ಚಿಗುರಿನ ಬಣ್ಣದ, ಸಣ್ಣ ಜರಿ ಅಂಚಿನ ಆ ಸೀರೆಯನ್ನು ಅಪ್ಪ 1984ರಲ್ಲಿ ಮೈಸೂರಿನಿಂದ ತಂದಿದ್ದರು, ಅದಕ್ಕೆ ಅವರ ಒಂದು ತಿಂಗಳ ಸಂಬಳ ಸಾಲದೆ ಸ್ನೇಹಿತರಿಂದ ಕೈಗಡ ಪಡೆದಿದ್ದರು. ಅಮ್ಮನಾದ ಮೇಲೆ ಅಕ್ಕ, ಅಕ್ಕನಾದ ಮೇಲೆ ನಾನು, ಹೋದ ವರ್ಷ ಅಕ್ಕನ ಮಗಳು ಅದನ್ನು ಉಟ್ಟೆವು. ಜರಿ ತುಸು ಕಂದಿದೆ, ಆದರೆ ಒಡಲು ಇಂದಿಗೂ ಕೈಯಲ್ಲಿ ಹಿಡಿದರೆ ನೀರಿನಂತೆ ಇಳಿಯುತ್ತದೆ.

ಇದಕ್ಕೆ ವಿರುದ್ಧವಾದ ಅನುಭವವೂ ನನಗೆ ಆಗಿದೆ. ಮೂರು ವರ್ಷದ ಹಿಂದೆ ಒಂದು ದೊಡ್ಡ ಅಂಗಡಿಯಲ್ಲಿ 6,500 ರೂಪಾಯಿ ಕೊಟ್ಟು ತಂದ ರೇಷ್ಮೆ ಸೀರೆ, ನಾಲ್ಕನೆಯ ಬಾರಿ ಉಡುವಾಗ ಮಡಿಕೆಯ ಗೆರೆಯುದ್ದಕ್ಕೂ ಬಿಟ್ಟುಕೊಂಡಿತು. ಯಜಮಾನರ 2,400 ರೂಪಾಯಿಯ ಅಂಗಿಯ ಕಾಲರು ಎಂಟು ತಿಂಗಳಲ್ಲಿ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಆದ್ದರಿಂದ ಬೆಲೆ ಹೆಚ್ಚಿದ್ದರೆ ಬಾಳಿಕೆ ಹೆಚ್ಚು ಎಂದು ಕಣ್ಣು ಮುಚ್ಚಿ ನಂಬುವ ಧೈರ್ಯ ನನಗಿಲ್ಲ. ಬಟ್ಟೆಗೆ ಹೆಚ್ಚು ದುಡ್ಡು ಕೊಟ್ಟಾಗ ನಾವು ನಿಜವಾಗಿ ಯಾವುದಕ್ಕೆ ಕೊಡುತ್ತಿದ್ದೇವೆ, ಅದನ್ನು ಅಂಗಡಿಯಲ್ಲಿ ನಿಂತು ಗುರುತಿಸುವುದು ಹೇಗೆ? ಬಲ್ಲವರು ತಿಳಿಸಬೇಕು.

ಕರಾವಳಿ ಕನ್ನಡಿ
ಕೊಳ್ಳಿ ಅಕ್ಕ. ಅಮ್ಮನ ಸೀರೆಯೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳಿಬಿಟ್ಟಿದೆ.

ಲೆಕ್ಕಿಗ
ಮೇಡಂ, ಆಸೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಲೆಕ್ಕ ಹಾಕೋಣ. 26,000 ರೂಪಾಯಿಯ ಸೀರೆಯನ್ನು ವರ್ಷಕ್ಕೆ ಮೂರು ಸಲದಂತೆ ಮೂವತ್ತು ವರ್ಷ ಉಟ್ಟರೆ 90 ಸಲವಾಗುತ್ತದೆ. ಡ್ರೈವಾಶಿನ ಖರ್ಚು ಸೇರಿಸದೆಯೇ ಒಂದು ಸಲಕ್ಕೆ ಸುಮಾರು 290 ರೂಪಾಯಿ ಬಿದ್ದಿತು. ನೀವು ಶಾಲೆಗೆ ಉಡುವ 900 ರೂಪಾಯಿಯ ಸೀರೆ ವಾರಕ್ಕೊಮ್ಮೆಯಂತೆ ಎರಡು ಶೈಕ್ಷಣಿಕ ವರ್ಷ ಬಂದರೆ 80 ಸಲ, ಅಂದರೆ ಸಲಕ್ಕೆ 11 ರೂಪಾಯಿ. ಅಂಗಿಯ ಲೆಕ್ಕವೂ ಹೀಗೆಯೇ: 2,400ರ ಅಂಗಿ 150 ಒಗೆತಕ್ಕೆ ಬಂದರೆ ಒಗೆತಕ್ಕೆ 16 ರೂಪಾಯಿ, 600ರ ಅಂಗಿ 40 ಒಗೆತಕ್ಕೆ ಬಂದರೆ 15 ರೂಪಾಯಿ. ದುಬಾರಿ ಬಟ್ಟೆಯೇ ಕೊನೆಗೆ ಅಗ್ಗವಾಗುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಆದರೆ ಕಾಗದದ ಮೇಲೆ ಬರೆದು ನೋಡಿದವರು ಕಡಿಮೆ.

ನಿವೃತ್ತ ಗುಮಾಸ್ತ
ಲೆಕ್ಕಿಗರೇ, ನಿಮ್ಮ ಗುಣಾಕಾರ ಸರಿಯಾಗಿದೆ, ಹೋಲಿಕೆ ಸರಿಯಿಲ್ಲ. ಶಾಲೆಗೆ ಉಡುವ ಸೀರೆಯನ್ನೂ ಮದುವೆಗೆ ಉಡುವ ಸೀರೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಮದುವೆಗೆ ಉಡುವ 26,000ದ ಸೀರೆಯನ್ನು ಮದುವೆಗೇ ಉಡುವ 6,500ರ ಸೀರೆಯ ಜೊತೆ ಹೋಲಿಸಿ ನೋಡಿ. ಅದು ನಾಲ್ಕು ಸಲಕ್ಕೆ ಮುಗಿಯಿತು, ಸಲಕ್ಕೆ 1,625 ರೂಪಾಯಿ!

ಇನ್ನೊಂದು ವಿಷಯವನ್ನು ಈ ಚರ್ಚೆಯಲ್ಲಿ ಯಾರಾದರೂ ಹೇಳಲೇಬೇಕು. ಒಳ್ಳೆಯ ಬಟ್ಟೆ ಬಾಳುತ್ತದೆ ಎಂಬುದು ಬಡವರಿಗೆ ತಿಳಿಯದ ಸಂಗತಿಯಲ್ಲ, ಅವರ ಬಳಿ ಒಮ್ಮೆಲೇ ಎತ್ತಿ ಕೊಡುವ ದುಡ್ಡು ಇರುವುದಿಲ್ಲ. 1979ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಐವರು ತಮ್ಮಂದಿರು. ದೀಪಾವಳಿಗೆ ಒಂದೇ ಥಾನಿನಲ್ಲಿ ಬಟ್ಟೆ ಹರಿಸಿ ಆರೂ ಜನಕ್ಕೆ ಅಂಗಿ ಹೊಲಿಸುತ್ತಿದ್ದೆವು, ಬೀದಿಯಲ್ಲಿ ಹೋದರೆ ಯಾರ ಮನೆಯ ಹುಡುಗರೆಂದು ದೂರದಿಂದಲೇ ತಿಳಿಯುತ್ತಿತ್ತು. ದೊಡ್ಡವನಿಗೆ ಚಿಕ್ಕದಾದದ್ದು ಮುಂದಿನವನಿಗೆ ಇಳಿಯುತ್ತಿತ್ತು. ಆಗ ಬೇಕಾಗಿದ್ದದ್ದು ಮೂವರ ಮೈಮೇಲೆ ಬಾಳುವ ಬಟ್ಟೆ, ಕೊಳ್ಳಲಾಗುತ್ತಿದ್ದದ್ದು ಒಬ್ಬನಿಗೇ ಸವೆಯುವ ಬಟ್ಟೆ.

ರಾಮನಗರದ ಗೂಡು
ನಮ್ಮದು ಮೂರು ತಲೆಮಾರಿನಿಂದ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆ. ಸೀರೆಯ ಬೆಲೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನಮ್ಮ ಬಾಣಲೆಯಿಂದಲೇ ಹೇಳಬಲ್ಲೆ.

ಮಾರುಕಟ್ಟೆಯಿಂದ ತಂದ ಗೂಡು ಆರೇಳು ಕಿಲೋ ಹಾಕಿದರೆ ಕೈಗೆ ಸಿಗುವುದು ಒಂದು ಕಿಲೋ ಕಚ್ಚಾ ರೇಷ್ಮೆ. ಆ ನೂಲಿನ ಮೇಲೆ ಹುಳು ಬಿಟ್ಟ ಅಂಟು ಇರುತ್ತದೆ. ಅದನ್ನು ಸಾಬೂನು ನೀರಿನಲ್ಲಿ ಕುದಿಸಿ ತೆಗೆದಾಗ ತೂಕದಲ್ಲಿ ಕಾಲು ಭಾಗದಷ್ಟು ಹೋಗಿಬಿಡುತ್ತದೆ. ಉಳಿದದ್ದೇ ನಿಜವಾದ ರೇಷ್ಮೆ. ಇಲ್ಲಿಯೇ ಎರಡು ದಾರಿಗಳು ಒಡೆಯುತ್ತವೆ. ಹದವರಿತವರು ನಿಧಾನವಾಗಿ ಕುದಿಸುತ್ತಾರೆ, ಅವಸರವಿದ್ದವರು ಸೋಡಾ ಹೆಚ್ಚು ಹಾಕಿ ಬೇಗ ಮುಗಿಸುತ್ತಾರೆ. ಸೋಡಾ ಹೆಚ್ಚಾದ ನೂಲು ಅಂಗಡಿಯ ದೀಪದ ಕೆಳಗೆ ಚೆನ್ನಾಗಿಯೇ ಹೊಳೆಯುತ್ತದೆ, ಆದರೆ ಒಳಗೆ ಜೀವ ಇರುವುದಿಲ್ಲ, ಮಡಿಕೆಯಲ್ಲಿ ಮೊದಲು ಬಿಡುವುದು ಅಂಥದ್ದೇ.

ಮೈಸೂರು ರೇಷ್ಮೆಯ ಕ್ರೇಪ್ ಬೇರೆಯೇ ಬಗೆಯದು. ಹೊಕ್ಕಿನ, ಅಂದರೆ ಅಡ್ಡಕ್ಕೆ ಹೋಗುವ ನೂಲಿಗೆ ಬಹಳ ಹುರಿ ಕೊಟ್ಟಿರುತ್ತಾರೆ, ಒಂದು ಎಳೆ ಬಲಕ್ಕೆ ಹುರಿಗೊಂಡಿದ್ದರೆ ಇನ್ನೊಂದು ಎಡಕ್ಕೆ. ನೇಯ್ದ ಬಟ್ಟೆಯನ್ನು ಕುದಿಸಿ ಅಂಟು ತೆಗೆದಾಗ ಎರಡೂ ಎಳೆಗಳು ಎದುರು ಬದುರಾಗಿ ಮುದುಡಿಕೊಳ್ಳುತ್ತವೆ. ಮೇಡಂ ಹೇಳಿದ ನೀರಿನಂಥ ಇಳಿತ ಬರುವುದು ಆ ಹುರಿಯಿಂದ. ಹುರಿ ಹಾಕುವುದಕ್ಕೆ ಸಮಯವೂ ನೂಲೂ ಹೆಚ್ಚು ಬೇಕು, ಆದ್ದರಿಂದಲೇ ಬೆಲೆಯೂ ಹೆಚ್ಚು.

ಕರಾವಳಿ ಕನ್ನಡಿ
ಇದಕ್ಕೇ ನಾನು ಕೈಮಗ್ಗದ ಬಟ್ಟೆಗೆ ಎಷ್ಟಾದರೂ ಕೊಡಬಹುದು ಎನ್ನುವುದು. ಮೈಸೂರು ರೇಷ್ಮೆಯನ್ನು ಕೈಯಲ್ಲಿ ನೇಯುವವರ ಶ್ರಮಕ್ಕೆ 26,000 ಹೆಚ್ಚೇನೂ ಅಲ್ಲ.

ಲೆಕ್ಕಿಗ
ಇಲ್ಲೊಂದು ತಿದ್ದುಪಡಿ ಅಗತ್ಯ. ಮೈಸೂರಿನ ಸರ್ಕಾರಿ ರೇಷ್ಮೆ ಕಾರ್ಖಾನೆಯ ಸೀರೆ ಕೈಮಗ್ಗದ್ದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಆ ಕಾರ್ಖಾನೆಗೆ ಸ್ವಿಟ್ಜರ್ಲೆಂಡಿನಿಂದ ಯಂತ್ರಮಗ್ಗ ತರಿಸಿದ್ದರು. ಇಂದಿಗೂ ಅಲ್ಲಿ ಯಂತ್ರಮಗ್ಗದಲ್ಲೇ ನೇಯುತ್ತಾರೆ.

ಕರಾವಳಿ ಕನ್ನಡಿ
ಹಾಗಾದರೆ ಅಷ್ಟು ಬೆಲೆ ಯಾತಕ್ಕೆ?

ರಾಮನಗರದ ಗೂಡು
ಲೆಕ್ಕಿಗರು ಹೇಳಿದ್ದು ನಿಜ, ಆದರೆ ಯಂತ್ರಮಗ್ಗ ಎಂದ ಮಾತ್ರಕ್ಕೆ ಕಳಪೆ ಎಂದು ತಿಳಿಯಬಾರದು. ನೂಲು ಬಿಚ್ಚುವುದು ತಿ. ನರಸೀಪುರದಲ್ಲಿ, ನೇಯ್ಗೆ ಮೈಸೂರಿನಲ್ಲಿ, ಎಲ್ಲವೂ ಒಂದೇ ಸಂಸ್ಥೆಯ ಕೈಯಲ್ಲಿ ಇರುವುದರಿಂದ ಗೂಡಿನಿಂದ ಸೀರೆಯವರೆಗೆ ಯಾವ ನೂಲು ಎಲ್ಲಿಗೆ ಹೋಯಿತೆಂಬ ಲೆಕ್ಕ ಸಿಗುತ್ತದೆ. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆಂದು ಸಂಸ್ಥೆಯೇ ಹೇಳುತ್ತದೆ. 2005ರಿಂದ ಭೌಗೋಳಿಕ ಗುರುತೂ (ಜಿಐ) ಇದೆ. ಪ್ರತಿ ಸೀರೆಗೂ ಅದರದೇ ಸಂಖ್ಯೆ ಹಾಕಿ ಹಾಲೊಗ್ರಾಂ ಅಂಟಿಸಿರುತ್ತಾರೆ.

ಮನೆ ಮುಂದೆ "ಹಳೇ ಜರಿ ಸೀರೆ ಕೊಳ್ಳುತ್ತೇವೆ" ಎಂದು ಕೂಗುತ್ತ ಬರುವವರನ್ನು ನೀವೆಲ್ಲ ನೋಡಿರಬಹುದು. ಅವರಿಗೆ ಬೇಕಾದದ್ದು ರೇಷ್ಮೆಯಲ್ಲ, ಜರಿಯೊಳಗಿನ ಬೆಳ್ಳಿ. ಅವರು ಅಂಚಿನ ಒಂದು ಎಳೆಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ. ಒಳಗಿಂದ ಕೆಂಪು ರೇಷ್ಮೆ ಎಳೆ ಕಂಡರೆ ಬೆಲೆ ಕಟ್ಟುತ್ತಾರೆ, ತಾಮ್ರದ ಬಣ್ಣವೋ ಪ್ಲಾಸ್ಟಿಕ್ ಪದರವೋ ಕಂಡರೆ ಮುಂದಿನ ಮನೆಗೆ ಹೋಗುತ್ತಾರೆ.

ಇಳಕಲ್ಲಿನ ಮಗ್ಗ
ಕೈಮಗ್ಗದ ಮಾತು ಬಂದಿರುವುದರಿಂದ ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದಲ್ಲಿ ಕೂತವನೊಬ್ಬನ ಮಾತನ್ನೂ ಕೇಳಬೇಕೆಂದು ವಿನಂತಿ.

ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ರೇಷ್ಮೆಯದಿರಬಹುದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ, ಆಮೇಲೆ ತೋಪು ತೆನಿ ಎಂಬ ವಿನ್ಯಾಸದ ಸೆರಗು ನೇಯುತ್ತೇವೆ. ಇದನ್ನು ಪ್ರತಿ ಸೀರೆಗೂ ಹೊಸದಾಗಿ ಮಾಡಬೇಕು. ಸಾವಿರಾರು ಎಳೆಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ಹಿಡಿದು ಕೂಡಿಸುವ ಈ ಕೆಲಸವನ್ನು ನಮ್ಮ ಮನೆಯಲ್ಲಿ ತಾಯಿ ಮಾಡುತ್ತಿದ್ದರು, ಈಗ ಹೆಂಡತಿ ಮಾಡುತ್ತಾಳೆ. ಹಾಸು ಹಾಕುವುದು, ಕಂಡಿಕೆ ಸುತ್ತುವುದು, ಗಂಜಿ ಕೊಡುವುದು, ಕೊಂಡಿ ಹಾಕುವುದು ಎಲ್ಲ ಸೇರಿ ಒಂದು ಸೀರೆಯ ಹಿಂದೆ ಮನೆಮಂದಿಯ ನಾಲ್ಕೈದು ದಿನ ಇರುತ್ತದೆ.

ಅಂಗಡಿಯಲ್ಲಿ ನಿಜವಾದ ಇಳಕಲ್ ಸೀರೆಯನ್ನು ಗುರುತಿಸಬೇಕಾದರೆ ಸೀರೆಯನ್ನು ತಿರುವಿ, ಒಡಲು ಮುಗಿದು ಸೆರಗು ಆರಂಭವಾಗುವ ಜಾಗದ ಮೇಲೆ ಬೆರಳು ಆಡಿಸಿ. ಕೊಂಡಿ ಹಾಕಿದ ಸೀರೆಯಾದರೆ ಅಡ್ಡಲಾಗಿ ಸಣ್ಣದೊಂದು ಏರು ಬೆರಳಿಗೆ ಸಿಗುತ್ತದೆ, ಎರಡು ಬಣ್ಣದ ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವುದು ಕಣ್ಣಿಗೂ ಕಾಣುತ್ತದೆ. ಯಂತ್ರಮಗ್ಗದ ನಕಲಿನಲ್ಲಿ ಒಂದೇ ಹಾಸು ಈ ತುದಿಯಿಂದ ಆ ತುದಿಗೆ ಹೋಗಿರುತ್ತದೆ. ಕಸೂತಿಯನ್ನೂ ತಿರುವಿ ನೋಡಿ. ಕೈಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ. ಹಿಂಬದಿಯಲ್ಲಿ ದಾರದ ಗೋಜಲಿದ್ದರೆ ಅದು ಯಂತ್ರದ ಕೆಲಸ.

ಬೆಂಗಳೂರು ಬಡಾವಣೆ
ನೇಕಾರರ ಶ್ರಮದ ಬಗ್ಗೆ ಗೌರವವಿದೆ. ಆದರೂ ಕೊಳ್ಳುವವಳಾಗಿ ಒಂದು ಪ್ರಶ್ನೆ ಕೇಳಬೇಕು. ಕೊಂಡಿ ಇದ್ದರೆ ಸೀರೆ ಹೆಚ್ಚು ದಿನ ಬಾಳುತ್ತದೆಯೇ? ಬಾಳುವುದಿಲ್ಲವಾದರೆ ನಾನು ಕೊಡುವ ಹೆಚ್ಚಿನ ದುಡ್ಡು ಶ್ರಮದ ಮೇಲಿನ ಕನಿಕರಕ್ಕೆ ಹೋಯಿತೇ ಹೊರತು ಬಟ್ಟೆಯ ಗುಣಕ್ಕೆ ಹೋಗಲಿಲ್ಲ. ಚೆನ್ನಾಗಿ ಮಾಡಿದ್ದು ಎಂಬುದೂ ಕಷ್ಟಪಟ್ಟು ಮಾಡಿದ್ದು ಎಂಬುದೂ ಒಂದೇ ಅಲ್ಲ.

ಇಳಕಲ್ಲಿನ ಮಗ್ಗ
ಪ್ರಶ್ನೆ ನೇರವಾಗಿದೆ, ಉತ್ತರವನ್ನೂ ನೇರವಾಗಿಯೇ ಕೊಡುತ್ತೇನೆ ಅಕ್ಕಾರೆ. ಕೊಂಡಿಯಿಂದಾಗಿ ಸೀರೆ ಹೆಚ್ಚು ದಿನ ಬರುವುದಿಲ್ಲ. ಕೊಂಡಿಯಿಂದಾಗಿ ಒಡಲು ಹತ್ತಿಯದಾಗಿ ಸೆರಗು ರೇಷ್ಮೆಯದಾಗಿರಲು ಸಾಧ್ಯವಾಗುತ್ತದೆ. ದಿನವಿಡೀ ಉಡುವ ಭಾಗ ಬೆವರು ಹೀರುತ್ತದೆ, ಹೆಗಲ ಮೇಲಿನ ಭಾಗ ಹೊಳೆಯುತ್ತದೆ. ನಮ್ಮ ಕಡೆ ಹೊಲದಲ್ಲಿ ಕೆಲಸ ಮಾಡುವ ತಾಯಂದಿರು ಇದನ್ನು ಉಟ್ಟೇ ಬದುಕಿದವರು, ಬೀರುವಿನಲ್ಲಿ ಇಡುವುದಕ್ಕೆಂದು ಹುಟ್ಟಿದ ಸೀರೆ ಇದಲ್ಲ. ಬಾಳಿಕೆ ಬರುವುದು ನೂಲಿನಿಂದ, ಹೊಕ್ಕನ್ನು ಒತ್ತಿ ಕೂರಿಸುವ ಹಣಿಗೆಯ ಹೊಡೆತದಿಂದ. ಸೀರೆಯನ್ನು ಬೆಳಕಿಗೆ ಹಿಡಿದಾಗ ಎಳೆಗಳು ಒತ್ತಾಗಿದ್ದು, ಎರಡು ಹೆಬ್ಬೆರಳುಗಳಿಂದ ಅಡ್ಡ ಎಳೆದರೆ ಸರಿಯದೆ ನಿಂತರೆ ಅದು ಬಾಳುವ ಸೀರೆ.

ಕನಿಕರ ನಮಗೆ ಬೇಡ. ಕೈಮಗ್ಗಕ್ಕೆಂದು 1985ರ ಕಾಯ್ದೆಯಲ್ಲಿ ಮೀಸಲಿಟ್ಟ ಬಗೆಗಳನ್ನು ಯಂತ್ರಮಗ್ಗದಲ್ಲಿ ನೇಯ್ದು ಕೈಮಗ್ಗದ ಬೆಲೆಗೆ ಮಾರದಿದ್ದರೆ ಸಾಕು.

ಬೆಂಗಳೂರು ಬಡಾವಣೆ
ಒಪ್ಪಿದೆ. ಹೆಬ್ಬೆರಳಿನ ಪರೀಕ್ಷೆಯನ್ನು ಇನ್ನು ಮುಂದೆ ಮಾಡುತ್ತೇನೆ.

ಪೀಣ್ಯದ ಹೊಲಿಗೆ
ಹನ್ನೊಂದು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ, ಕಾಲರು ವಿಭಾಗ. ಮೇಡಂ ಬರೆದ ಗುಳ್ಳೆಯ ವಿಷಯ ನನಗೆ ಚೆನ್ನಾಗಿ ಗೊತ್ತು. ಕಾಲರಿನ ಒಳಗೆ ಗಟ್ಟಿ ಬಟ್ಟೆಯೊಂದನ್ನು ಅಂಟಿಸಿರುತ್ತಾರೆ, ಅದಕ್ಕೆ ಫ್ಯೂಸಿಂಗ್ ಎನ್ನುತ್ತೇವೆ. ಯಂತ್ರದ ಬಿಸಿ, ಒತ್ತಡ, ಹೊತ್ತು ಮೂರೂ ಹದವಾಗಿದ್ದರೆ ಅದು ಬಟ್ಟೆ ಹರಿಯುವವರೆಗೂ ಬಿಡುವುದಿಲ್ಲ. ಬೇಗ ಬೇಗ ಸಾಗಿಸಿದರೆ ಅಂಟು ಅರ್ಧ ಹಿಡಿಯುತ್ತದೆ. ಒಗೆದಾಗ ಮೇಲಿನ ಬಟ್ಟೆ ಒಂದಷ್ಟು ಕುಗ್ಗಿ, ಒಳಗಿನದು ಬೇರೆ ಅಳತೆಯಲ್ಲಿ ಕುಗ್ಗಿದರೆ ನಡುವೆ ಗುಳ್ಳೆ ಏಳುತ್ತದೆ.

ಕೊಳ್ಳುವವರಿಗೆ ಒಂದು ಮಾತು ಗೊತ್ತಿರಬೇಕು. ನಮ್ಮ ಲೈನಿನಲ್ಲಿ ಒಂದು ವಾರ ಅಗ್ಗದ ಅಂಗಿ ಬರುತ್ತದೆ, ಮುಂದಿನ ವಾರ ದುಬಾರಿ ಅಂಗಿ ಬರುತ್ತದೆ. ಕೂರುವ ಕುರ್ಚಿ ಅದೇ, ಯಂತ್ರ ಅದೇ, ಸಂಬಳವೂ ಅದೇ. ಬದಲಾಗುವುದು ಮೂರು ನಾಲ್ಕು ಸಂಗತಿ ಮಾತ್ರ. ಅಗ್ಗದ್ದಕ್ಕೆ ಒಂದು ಇಂಚಿಗೆ ಎಂಟು ಹತ್ತು ಹೊಲಿಗೆ ಸಾಕೆನ್ನುತ್ತಾರೆ, ಒಳ್ಳೆಯದಕ್ಕೆ ಹದಿನಾರು ಹದಿನೆಂಟು ಕೇಳುತ್ತಾರೆ. ಹೊಲಿಗೆ ಒತ್ತಾದಷ್ಟೂ ಯಂತ್ರ ನಿಧಾನವಾಗುತ್ತದೆ, ಗಂಟೆಯ ಟಾರ್ಗೆಟ್ ಕಡಿಮೆ ಇಡುತ್ತಾರೆ, ಚೆಕಿಂಗಿನಲ್ಲಿ ವಾಪಸು ಕಳಿಸುವುದೂ ಹೆಚ್ಚು. ಆ ವಾರ ನಾವೂ ಸ್ವಲ್ಪ ಉಸಿರಾಡುತ್ತೇವೆ. ಅಂದರೆ ಅಂಗಿ ಚೆನ್ನಾಗಿರುವುದು ಬೇರೆ ಯಾರೋ ನುರಿತವರು ಹೊಲಿದದ್ದರಿಂದಲ್ಲ, ನಮಗೇ ಸಮಯ ಕೊಟ್ಟದ್ದರಿಂದ.

ಹಾಗೆಂದು ಬೆಲೆಚೀಟಿ ನೋಡಿ ನಂಬಬೇಡಿ. ಕಳಪೆ ಹೊಲಿಗೆಯ ಅಂಗಿಗೇ ದೊಡ್ಡ ಹೆಸರಿನ ಚೀಟಿ ಹೊಲಿದು ಕಳಿಸಿದ್ದನ್ನೂ ನನ್ನ ಕೈಯಾರೆ ಮಾಡಿದ್ದೇನೆ. ಅಂಗಿಯನ್ನು ಒಳಹೊರಗು ಮಾಡಿ ನೋಡಿ.

ನಿವೃತ್ತ ಗುಮಾಸ್ತ
ತಾಯಿ, ನಿಮ್ಮ ಮಾತು ಓದಿ ಎರಡು ಸಲ ಎದ್ದು ಕೂತೆ. 2,400 ಕೊಟ್ಟವರೂ ನಿಮಗೆ ಹೆಚ್ಚೇನೂ ಕೊಡಲಿಲ್ಲವೆಂದಾಯಿತು.

ಪೀಣ್ಯದ ಹೊಲಿಗೆ
ಹೌದು ಸರ್. ಇಳಕಲ್ಲಿನ ಅಣ್ಣನವರ ಬಳಿ ನೇರವಾಗಿ ಕೊಂಡರೆ ಅವರ ಮನೆಗೆ ಹೋಗುತ್ತದೆ. ನಮ್ಮಲ್ಲಿ ಹಾಗಿಲ್ಲ.

ಕತ್ತರಿ ಟೇಪು
ದಾವಣಗೆರೆಯಲ್ಲಿ ಮೂವತ್ತೆರಡು ವರ್ಷದಿಂದ ಟೈಲರ್ ಅಂಗಡಿ ನಡೆಸುತ್ತಿದ್ದೇನೆ. ಪೀಣ್ಯದ ತಂಗಿ ಹೇಳಿದ್ದು ಅಕ್ಷರಶಃ ಸತ್ಯ, ಅದಕ್ಕೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ರೆಡಿಮೇಡ್ ಪ್ಯಾಂಟಿನ ಹಿಂಭಾಗದ ಒಳಹೊಲಿಗೆಯನ್ನು ನೋಡಿ. ಅರ್ಧ ಇಂಚು ಬಿಟ್ಟು ಕತ್ತರಿಸಿ ಓವರ್‌ಲಾಕ್ ಮಾಡಿರುತ್ತಾರೆ. ನಾವು ಹೊಲಿದ ಪ್ಯಾಂಟಿನಲ್ಲಿ ಅಲ್ಲಿ ಒಂದೂವರೆ ಇಂಚು ಬಟ್ಟೆ ಉಳಿದಿರುತ್ತದೆ. ಹೊಟ್ಟೆ ಬಂದರೂ ಬಿಚ್ಚಿ ಹಿಗ್ಗಿಸಬಹುದು. ಬಟ್ಟೆ ಹರಿದು ಹೋಗುವುದಕ್ಕಿಂತ ಮೈಗೆ ಹಿಡಿಯದೆ ಮೂಲೆಗೆ ಬೀಳುವುದೇ ಹೆಚ್ಚು ಎಂಬುದನ್ನು ಯಾವ ಲೆಕ್ಕದಲ್ಲೂ ಯಾರೂ ಹಿಡಿಯುವುದಿಲ್ಲ. ನನ್ನ ಬಳಿ 2009ರಲ್ಲಿ ಹೊಲಿಸಿದ ಪ್ಯಾಂಟನ್ನು ಮೂರು ಬಾರಿ ಹಿಗ್ಗಿಸಿಕೊಂಡು ಇಂದಿಗೂ ಹಾಕುವ ಮೇಷ್ಟ್ರೊಬ್ಬರಿದ್ದಾರೆ.

ಅಂಗಿಯ ವಿಷಯದಲ್ಲಿ, ಗೆರೆ ಅಥವಾ ಚೌಕುಳಿಯ ಬಟ್ಟೆಯಾದರೆ ಜೇಬಿನ ಗೆರೆಯೂ ಎದೆಯ ಗೆರೆಯೂ ಕೂಡುತ್ತವೆಯೇ ಎಂದು ನೋಡಿ. ಗೆರೆ ಕೂಡಿಸಲು ಬಟ್ಟೆ ಹೆಚ್ಚು ಹೋಗುತ್ತದೆ, ಕತ್ತರಿಸುವವನಿಗೆ ತಾಳ್ಮೆಯೂ ಬೇಕು. ಕಾಜದ ಅಂಚಿನಲ್ಲಿ ದಾರ ಎದ್ದಿದ್ದರೆ ಆರು ತಿಂಗಳಲ್ಲಿ ಬಾಯಿ ಬಿಡುತ್ತದೆ. ಕಾಲರು ಸವೆದರೆ ಮೊದಲೆಲ್ಲ ಬಿಚ್ಚಿ ತಿರುಗಿಸಿ ಹೊಲಿಸಿಕೊಳ್ಳುತ್ತಿದ್ದರು, ಒಳಮೈ ಹೊರಗೆ ಬಂದು ಅಂಗಿಗೆ ಇನ್ನೆರಡು ವರ್ಷ ಆಯುಷ್ಯ ಸಿಗುತ್ತಿತ್ತು. ಈಗ ಅದನ್ನು ಕೇಳಿಕೊಂಡು ಬರುವವರು ವರ್ಷಕ್ಕೆ ಇಬ್ಬರೋ ಮೂವರೋ.

ಒಳ್ಳೆಯ ಹತ್ತಿ ಬಟ್ಟೆ ಒಂದು ಅಂಗಿಗೆ 800 ರೂಪಾಯಿಯದು, ಹೊಲಿಗೆ 450. ಒಟ್ಟು 1,250ಕ್ಕೆ ಮೇಡಂ ಅವರ ಯಜಮಾನರ ಅಂಗಿಗಿಂತ ಚೆನ್ನಾದದ್ದು ಬರುತ್ತದೆ.

ಹತ್ತಿ ಹೊಲ
ಟೈಲರ್ ಸಾಹೇಬರು ಒಳ್ಳೆಯ ಹತ್ತಿ ಬಟ್ಟೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆ, ಬೆಳೆಯುವವನಾಗಿ ಸ್ವಲ್ಪ ಬಿಡಿಸುತ್ತೇನೆ. ಹತ್ತಿಯ ಎಳೆ ಉದ್ದವಿದ್ದಷ್ಟೂ ನೂಲು ಸಣ್ಣದಾಗಿಯೂ ಗಟ್ಟಿಯಾಗಿಯೂ ಬರುತ್ತದೆ. ಗಿಡ್ಡ ಎಳೆಯ ನೂಲಿನಲ್ಲಿ ತುದಿಗಳು ಹೆಚ್ಚಾಗಿರುತ್ತವೆ, ಒಗೆದಂತೆಲ್ಲ ಆ ತುದಿಗಳೇ ಮೇಲೆದ್ದು ಜುಂಗು ಜುಂಗಾಗುತ್ತವೆ. ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ, ಅದಾದ ಮೇಲೆ ಜಯಲಕ್ಷ್ಮಿ ಎಂಬ ಡಿಸಿಎಚ್ 32 ತಳಿ ಬಂದದ್ದೇ ಉದ್ದ ಎಳೆಗಾಗಿ. ಅಂಗಡಿಯಲ್ಲಿ ಕೇಳಬೇಕಾದದ್ದು ನೂಲು ಎಷ್ಟು ಸಣ್ಣದೆಂದು ಹೇಳುವ ನಂಬರು ಮಾತ್ರವಲ್ಲ, ಎರಡು ಎಳೆ ಹುರಿಯೋ ಒಂದೇ ಎಳೆಯೋ ಎಂಬುದನ್ನೂ ಕೇಳಬೇಕು. ನಂಬರು ಹೆಚ್ಚಿದ್ದು ಒಂದೇ ಎಳೆಯಾದರೆ ಬಟ್ಟೆ ಬೆಣ್ಣೆಯಂತಿರುತ್ತದೆ, ಆದರೆ ಬಾಳುವುದಿಲ್ಲ. ಹೆಚ್ಚು ಬೆಲೆ ಕೊಟ್ಟವರು ಇಲ್ಲಿಯೇ ಮೋಸ ಹೋಗುವುದು.

ಹಿಮದ ನಾಡು
ಕೆನಡಾದಿಂದ ಒಂದು ಮಾತು. ಇಲ್ಲಿಗೆ ಬಂದ ಮೊದಲ ವರ್ಷ ಅಗ್ಗದ ಚಳಿಕೋಟು ಕೊಂಡೆ, ಜನವರಿಯ ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅದರ ಜಿಪ್ ಕಿತ್ತುಹೋಯಿತು. ಮೈನಸ್ 20 ಡಿಗ್ರಿಯಲ್ಲಿ ಎರಡೂ ಕೈಯಿಂದ ಕೋಟನ್ನು ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತಿದ್ದೆ. ಮರುದಿನ ಅದರ ನಾಲ್ಕು ಪಟ್ಟು ಕೊಟ್ಟು ಕೊಂಡ ಕೋಟು ಇದೀಗ ಒಂಬತ್ತನೆಯ ಚಳಿಗಾಲದಲ್ಲಿದೆ. ಆದರೆ ಇದೇ ಊರಿನಲ್ಲಿ ನನ್ನ ಒಳ್ಳೆಯ ಹತ್ತಿ ಅಂಗಿಗಳೆಲ್ಲ ಒಣಗಿಸುವ ಯಂತ್ರದ ಬಿಸಿಗೆ ಸಿಕ್ಕಿ ಹಾಳಾದವು. ಒಗೆಯುವ ರೀತಿ ಬದಲಾಗದಿದ್ದರೆ ಒಳ್ಳೆಯ ಬಟ್ಟೆಗೆ ಕೊಟ್ಟದ್ದು ನೀರಿನಲ್ಲಿ ಹೋಮ.

ಚಳ್ಳಕೆರೆ ಬಯಲು
ಚಳಿಯ ಮಾತು ಬಂದಿದ್ದರಿಂದ ನಮ್ಮ ಕರಿ ಕಂಬಳಿಯನ್ನು ನೆನೆಯದೆ ಇರಲಾರೆ. ನಾಡಕುರಿಯ ಉಣ್ಣೆಯನ್ನು ಕೈಯಲ್ಲಿ ನೂತು ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಗಟ್ಟಿ ಮಾಡಿದ್ದು. ಮುಟ್ಟಿದರೆ ಚುಚ್ಚುತ್ತದೆ, ಆದರೆ ಮಳೆಯಲ್ಲಿ ಕುರಿಯ ಹಿಂದೆ ನಡೆಯುವವರಿಗೆ ಅದೇ ಕೊಡೆ, ರಾತ್ರಿ ಅದೇ ಹಾಸಿಗೆ. ನಮ್ಮ ಅಜ್ಜನ ಕಂಬಳಿಯನ್ನು ಅಪ್ಪ ಹೊದ್ದರು, ಈಗ ಮನೆದೇವರ ಗದ್ದುಗೆಗೆ ಹಾಸುತ್ತೇವೆ.

ಮಲ್ಲೇಶ್ವರದ ಮಾತು
ದುಬಾರಿ ಬಟ್ಟೆಗೆ ತೆರಿಗೆಯೂ ಶೇ 12 ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಲೆಕ್ಕಿಗ
ಅದು ಹಳೆಯ ದರ. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಒಂದಕ್ಕೆ 2,500 ರೂಪಾಯಿಯವರೆಗೆ ಶೇ 5, ಅದನ್ನು ಮೀರಿದರೆ ಶೇ 18 ಜಿಎಸ್‌ಟಿ. ಅಂದರೆ 2,500ರ ಅಂಗಿಗೆ ತೆರಿಗೆ 125 ರೂಪಾಯಿ, 2,600ರ ಅಂಗಿಗೆ 468 ರೂಪಾಯಿ. ನೂರು ರೂಪಾಯಿಯ ಬಟ್ಟೆ ಹೆಚ್ಚಾದದ್ದಕ್ಕೆ ತೆರಿಗೆಯಲ್ಲೇ 343 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಥಾನಿನ ಬಟ್ಟೆಗೂ ಸೀರೆಗೂ ಬೆಲೆ ಎಷ್ಟೇ ಇದ್ದರೂ ಶೇ 5. ಆದ್ದರಿಂದ ಬಟ್ಟೆ ಕೊಂಡು ಹೊಲಿಸಿಕೊಳ್ಳಿ ಎಂಬ ಟೈಲರ್ ಸಾಹೇಬರ ಸಲಹೆಯನ್ನು ನಾನೂ ಅನುಮೋದಿಸುತ್ತೇನೆ. ಸೀರೆಯ ಲೆಕ್ಕದಲ್ಲಿ ಗುಮಾಸ್ತರು ಹೇಳಿದ ತಿದ್ದುಪಡಿಯನ್ನೂ ಒಪ್ಪುತ್ತೇನೆ, ಆದರೆ 26,000 ರೂಪಾಯಿ ಇದ್ದ ಚೀಟಿ ಖಾಲಿಯಾಗುತ್ತದೆ ಎಂಬುದು ಯಾವ ಲೆಕ್ಕದಿಂದಲೂ ಬದಲಾಗುವುದಿಲ್ಲ.

ಶರಾವತಿ ತೀರ
ಇಷ್ಟೊಂದು ಜನ ಸಮಯ ಕೊಟ್ಟು ಬರೆದದ್ದಕ್ಕೆ ಕೃತಜ್ಞಳಾಗಿದ್ದೇನೆ. ನಿನ್ನೆ ರಾತ್ರಿ ಊಟವಾದ ಮೇಲೆ ಬಿಟ್ಟುಹೋದ ಆ 6,500ರ ಸೀರೆಯನ್ನು ಹೊರಗೆ ತೆಗೆದೆ. ಹಾಸಿನ ಎರಡು ಎಳೆ, ಹೊಕ್ಕಿನ ಎರಡು ಎಳೆ ಬೇರೆ ಬೇರೆಯಾಗಿ ಬಿಡಿಸಿ, ಯಜಮಾನರು ಚಿಮಟದಲ್ಲಿ ಹಿಡಿದುಕೊಂಡರೆ ನಾನು ಬೆಂಕಿಕಡ್ಡಿ ಗೀರಿದೆ. ಹಾಸಿನ ಎಳೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿಯಾಯಿತು. ಹೊಕ್ಕಿನ ಎಳೆ ಕರಗಿ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ಮಣಿ ನಿಂತಿತು. ಬಿಲ್ಲನ್ನು ಹುಡುಕಿ ತೆಗೆದು ನೋಡಿದರೆ ಅದರಲ್ಲಿ "ಸಿಲ್ಕ್ ಸ್ಯಾರಿ" ಎಂದು ಮಾತ್ರ ಬರೆದಿದೆ, ಸೀರೆಗೆ ಯಾವ ಚೀಟಿಯೂ ಇರಲಿಲ್ಲ. ಮೂರು ವರ್ಷ ಅದು ನನ್ನ ಬೀರುವಿನಲ್ಲಿ ಅಮ್ಮನ ಸೀರೆಯ ಪಕ್ಕದಲ್ಲೇ ಇತ್ತು.

ರಾಮನಗರದ ಗೂಡು
ಮಣಿಯಾದದ್ದು ಪಾಲಿಯೆಸ್ಟರ್ ಮೇಡಂ. ಗಟ್ಟಿಯಾದ ಪಾಲಿಯೆಸ್ಟರ್ ಹೊಕ್ಕು, ಸಣ್ಣ ರೇಷ್ಮೆ ಹಾಸು ಎರಡೂ ಒಂದೇ ಮಡಿಕೆಯಲ್ಲಿ ಬಾಗಿದಾಗ ಮೆದುವಾದದ್ದು ಮೊದಲು ಸೋಲುತ್ತದೆ. ಇನ್ನು ಮುಂದೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ಇಲ್ಲದೆ ರೇಷ್ಮೆ ಎಂಬ ಹೆಸರಿಗೆ ದುಡ್ಡು ಕೊಡಬೇಡಿ. ಚೀಟಿ ಶುದ್ಧ ರೇಷ್ಮೆ ಎಂಬುದನ್ನಷ್ಟೇ ಹೇಳುತ್ತದೆ, ಕೈಮಗ್ಗದ್ದೋ ಅಲ್ಲವೋ ಎಂಬುದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ.

ಬೆಂಗಳೂರು ಬಡಾವಣೆ
ಹಾಗಾದರೆ ಅದು ಒಳ್ಳೆಯದೂ ಅಲ್ಲ, ದುಬಾರಿಯೂ ಅಲ್ಲ, ಅಗ್ಗದ ಸೀರೆಗೆ ಹೆಚ್ಚು ಬೆಲೆ ಹಾಕಿದ್ದು. ಇದು ಬಹಳ ಜನರ ಮನೆಯಲ್ಲಿ ಇರಬಹುದು.

ಶರಾವತಿ ತೀರ
ಯಜಮಾನರು ಆ ಮಣಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅವರೇ, ಮುಂದಿನ ಶನಿವಾರ ಮೈಸೂರಿಗೆ ಹೋಗೋಣ, ನಸುಕಿನಲ್ಲೇ ಸರದಿ ನಿಲ್ಲಬೇಕಂತೆ, ಹಿಂದಿನ ರಾತ್ರಿಯ ಬಸ್ಸಿಗೆ ಹೊರಡೋಣ ಎಂದರು. ಅವರ ಎರಡು ಅಂಗಿಗೆ ಬಟ್ಟೆ ಹರಿಸುವುದೆಂದೂ ಆಗಿದೆ. ಲೆಕ್ಕಿಗರು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ, ಸಲಕ್ಕೆ 290 ರೂಪಾಯಿ ಬೀಳುತ್ತದೆ ಎಂದು ತಿಳಿದುಕೊಂಡೇ ಕೊಳ್ಳುತ್ತಿದ್ದೇನೆ. ನನ್ನ ಬಳಿಕ ಅದನ್ನು ಉಡುವವರಿಗೆ ಆ ಬೆಲೆ ಬೀಳುವುದಿಲ್ಲ.

ಎರಡು ಸಣ್ಣ ಪ್ರಶ್ನೆಗಳು ಉಳಿದಿವೆ. ಅಂಗಿಯ ಬಟ್ಟೆಯನ್ನು ಹೊಲಿಸುವ ಮೊದಲು ನೆನೆಸಬೇಕೇ? ಸೀರೆಯನ್ನು ಎತ್ತಿಡುವುದು ಹೇಗೆ?

ಕತ್ತರಿ ಟೇಪು
ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಿನಲ್ಲಿ ಒಣಗಿಸಿ ಕೊಡಿ. ಕಾಲರಿನ ಕ್ಯಾನ್ವಾಸನ್ನೂ ಜೊತೆಗೇ ನೆನೆಸಲು ನಿಮ್ಮ ಟೈಲರಿಗೆ ಹೇಳಿ.

ರಾಮನಗರದ ಗೂಡು
ಹಳೆಯ ಮೆತ್ತನೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ, ನುಸಿಗುಳಿಗೆ ಜರಿಗೆ ತಾಗಬಾರದು. ಮೂರು ತಿಂಗಳಿಗೊಮ್ಮೆ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹಾಕಿ, ಹಳೆಯ ಗೆರೆಯ ಮೇಲೆ ಮತ್ತೆ ಮಡಿಸಬೇಡಿ. ಅಮ್ಮನ ಸೀರೆಯ ಮಡಿಕೆಯನ್ನೂ ಅದೇ ದಿನ ಬದಲಿಸಿ.